ಬಿಲ್ಲಿನಲ್ಲಿ ಬರೆಯದ ಮಾತು

"ಮೇಡಂ, ಬ್ಯಾಟರಿ ಬದಲಾಯಿಸಲೇಬೇಕಾ?"

ಅವಳು ತಲೆಯೆತ್ತಿದಳು. ಶೋರೂಮಿನ ಸರ್ವಿಸ್ ಕೌಂಟರಿನ ಎದುರು ನಿಂತಿದ್ದವನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಟೈಲರ್ ಇರಬೇಕು.

"ವಾರಕ್ಕೆ ಮೂರು ಸಲ ಅಮ್ಮನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ನಿಜ ಹೇಳಿ... ಗಾಡಿ ನಂಬ್ಕೊಂಡಿದೀನಿ."

ಗಾಜಿನಾಚೆ, ಕಾರಿನ ಹಿಂದಿನ ಸೀಟಿನಲ್ಲಿ ಅವನ ತಾಯಿ ಕಣ್ಣು ಮುಚ್ಚಿ ಕೂತಿದ್ದರು. ಮ್ಯಾನೇಜರ್ ಬರೆಸಿದ, ಬೇಡದ ರಿಪೇರಿಗಳ ಉದ್ದನೆಯ ಪಟ್ಟಿ ಅವಳ ಕೈಯಲ್ಲಿತ್ತು. ನಿಜ ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ?

ಅವಳು ದನಿ ತಗ್ಗಿಸಿದಳು.

"ಬ್ಯಾಟರಿ ಚೆನ್ನಾಗಿದೆ. ತುದೀಲಿ ಬಿಳಿ ಪುಡಿ ಕಟ್ಟಿದೆ ಅಷ್ಟೇ. ವೈರ್ ಬಿಚ್ಚಿ, ಅಡುಗೆ ಸೋಡಾ ನೀರಲ್ಲಿ ಉಜ್ಜಿ, ಒಣಗಿಸಿ ಹಾಕಿ."

ಮರುದಿನ ಅವನ ಫೋನು. "ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ಮೇಡಂ."

ಆಮೇಲೆ ಭಾನುವಾರಗಳು ಬಂದವು. ಅವನ ಅಂಗಡಿಯ ಮುಂದೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಬದಲಾಯಿಸುವುದು, ಫ್ಯೂಸ್ ಹುಡುಕುವುದು ಎಲ್ಲವನ್ನೂ ಕಲಿಸಿದಳು. ಸೂಜಿ ಹಿಡಿದ ಬೆರಳುಗಳು ಬೇಗ ಕಲಿತವು.

"ಬಾಮ್ಮ, ಕಾರ್ ಡಾಕ್ಟ್ರಮ್ಮ," ಎಂದು ತಾಯಿ ಕುರ್ಚಿ ಎಳೆದುಕೊಡುವರು. "ಇವನಿಗೂ ಏನಾದ್ರೂ ರಿಪೇರಿ ಇದೆಯಾ ನೋಡು. ಬಾಯೇ ಬಿಡಲ್ಲ."

ಅವನು ತಲೆ ತಗ್ಗಿಸಿ ನಗುವನು. ಅವಳ ಎದೆಯಲ್ಲಿ ಏನೋ ಮೆತ್ತಗಾಗುವುದು.

ಒಂದು ಭಾನುವಾರ ಮಾತ್ರ ಅವಳು ನಗಲಿಲ್ಲ.

"ಈ ಇಂಜಿನ್ ಬೆಲ್ಟ್ ಸವೆದಿದೆ. ಇದು ಮನೇಲಿ ಮಾಡೋ ಕೆಲಸ ಅಲ್ಲ. ದುಬಾರಿಯಾದ್ರೂ ಸರ್ವಿಸ್‌ಗೆ ಬಿಡಿ."

ವಾರದ ನಂತರ ಅವನೆಂದ, "ಮಾಡಿಸ್ದೆ."

ಅವಳು ನಂಬಿದಳು.

ಹದಿನೈದು ದಿನಕ್ಕೆ ಸುದ್ದಿ ಬಂತು. ತಾಯಿಗೆ ಉಸಿರಾಟ ಕಷ್ಟವಾಗಿ ಹೊರಟಾಗ, ಆಸ್ಪತ್ರೆಯ ದಾರಿಯಲ್ಲಿ ಬ್ಯಾಟರಿ ಪೂರ್ತಿ ಇಳಿದು ಕಾರು ನಿಂತಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ತಾಯಿಯ ಉಸಿರು ನಿಂತಿತ್ತು.

ಬ್ಯಾಟರಿ...

ಚೆನ್ನಾಗಿದೆ ಎಂದವಳು ನಾನೇ ಅಲ್ಲವೇ?

ಅಂತ್ಯಕ್ರಿಯೆಯಲ್ಲಿ ಅವನು ಅವಳತ್ತ ಒಮ್ಮೆಯೂ ನೋಡಲಿಲ್ಲ. ಹತ್ತಿರ ಹೋದರೆ ಮುಖ ತಿರುಗಿಸಿದ. ಅವಳಿಗೆ ಅಷ್ಟೇ ಸಾಕಾಯಿತು. ಶೋರೂಮಿನ ಕೆಲಸ ಬಿಟ್ಟಳು, ಫೋನ್ ನಂಬರು ಬದಲಾಯಿಸಿದಳು. ಊರಿನ ಇನ್ನೊಂದು ತುದಿಯ ಬಿಡಿಭಾಗಗಳ ಅಂಗಡಿಯಲ್ಲಿ ಕೂತಳು. ಯಾರು ಏನು ಕೇಳಿದರೂ ಸಾಮಾನು ಕೊಡುವಳು, ಸಲಹೆ ಕೊಡಳು.

ಹನ್ನೊಂದು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಕೌಂಟರಿನ ಮೇಲೆ ಪರಿಚಿತ ಕೈಯೊಂದು ಊರಿತು. ಅವನು ಸೊರಗಿ ಅರ್ಧವಾಗಿದ್ದ.

"ನಿಮ್ಮನ್ನ ಎಷ್ಟು ಅಂಗಡೀಲಿ ಹುಡುಕ್ದೆ ಗೊತ್ತಾ..."

ಅವಳು ಕೈಯಲ್ಲಿದ್ದ ಸಾಮಾನು ಕೆಳಗಿಟ್ಟಳು. "ಬೈಯೋಕೆ ಬಂದ್ರಾ? ಬೈರಿ. ಬ್ಯಾಟರಿ ಚೆನ್ನಾಗಿದೆ ಅಂದಿದ್ದು ನಾನು. ಅಮ್ಮನ್ನ ನಾನೇ..."

"ಬ್ಯಾಟರಿ ಚೆನ್ನಾಗೇ ಇತ್ತು."

ಅವಳು ಬೆಚ್ಚಿ ನೋಡಿದಳು.

"ಬೆಲ್ಟ್ ನಾನು ಮಾಡಿಸಲಿಲ್ಲ. ನನ್ನ ಕೈಯಲ್ಲೇ ಆಗುತ್ತೆ ಅನ್ನೋ ಜಂಬ. ನಾನೇ ಹಾಕ್ದೆ, ಸಡಿಲವಾಗಿತ್ತು. ಬೆಲ್ಟ್ ಜಾರಿ ಬ್ಯಾಟರಿ ಚಾರ್ಜ್ ಆಗ್ದೆ ಗಾಡಿ ನಿಂತೋಯ್ತು. ನಿಮಗೆ ಸುಳ್ಳು ಹೇಳಿದ್ದೆ. ಅವತ್ತು ಯಾವ ಮುಖ ಇಟ್ಕೊಂಡು ನಿಮ್ಮನ್ನ ನೋಡ್ಲಿ?"

ಇಷ್ಟು ದಿನ ಹೊತ್ತಿದ್ದ ಭಾರ ಇಳಿದರೂ ಅವಳಿಗೆ ಹಗುರಾಗಲಿಲ್ಲ. ಅದೇ ಭಾರ ಅವನ ಹೆಗಲ ಮೇಲೆ ಕಾಣುತ್ತಿತ್ತು.

"ಡಾಕ್ಟರ್ ಏನಂದ್ರು?"

"ಬೇಗ ಬಂದಿದ್ರೂ ಕಷ್ಟವಿತ್ತು ಅಂದ್ರು. ಸಮಾಧಾನಕ್ಕೆ ಹೇಳಿದ್ರೋ ಏನೋ... ಗೊತ್ತಿಲ್ಲ."

ಅವಳು ಕೌಂಟರ್ ದಾಟಿ ಬಂದಳು. ಇಬ್ಬರೂ ಬಹಳ ಹೊತ್ತು ಅತ್ತರು. ಗಿರಾಕಿಯೊಬ್ಬ ಬಾಗಿಲಿಂದಲೇ ಹಿಂದಿರುಗಿದ.

"ಕ್ಷಮಿಸಿ ಅಂತ ಕೇಳೋಕೆ ಬರ್ಲಿಲ್ಲ," ಅವನೆಂದ. "ನೀವಿಲ್ದೆ ಅಮ್ಮನ ಬಗ್ಗೆ ಮಾತಾಡೋಕೂ ಯಾರೂ ಇಲ್ಲ ನನಗೆ. ನಿಮ್ಮನ್ನ ಇಷ್ಟಪಟ್ಟಿದ್ದೆ. ಈಗಲೂ..."

ಅವಳು ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ನನಗೂ ಯಾರೂ ಇಲ್ಲ."

"ಅಂಗಡಿ ಎಷ್ಟೊತ್ತಿಗೆ ಮುಚ್ತೀರಿ?"

"ಆರಕ್ಕೆ."

"ಹೊರಗೆ ಕಾಯ್ತೀನಿ."

"ಹೊರಗೆ ಬೇಡ," ಎಂದಳು ಅವಳು, ಸ್ಟೂಲಿನ ಮೇಲಿದ್ದ ಡಬ್ಬಗಳನ್ನು ಪಕ್ಕಕ್ಕಿಡುತ್ತಾ. "ಇಲ್ಲೇ ಕೂತ್ಕೋ."