ಮೂರು ಹಂಡೆ ಬಿಸಿನೀರು

ಡೇರಿಗೆ ಹೊರಟಿದ್ದ ಹಾಲೆಲ್ಲ ಅಂಗಳದ ಪಾಲಾಗಿತ್ತು! ಕ್ಯಾನು ಒದ್ದು ಉರುಳಿಸಿದ ಐದು ವರ್ಷದ ಶೋಭಿತಾ ಆ ಹಾಲಿನ ಮೇಲೇ ಕುಣಿಯುತ್ತಿದ್ದಳು. ಎತ್ತಿಕೊಳ್ಳಲು ಬಂದ ತಾಯಿಯ ಕೈಯನ್ನು ಕಚ್ಚಿ, ಮತ್ತೆ ಕುಣಿದಳು. ಹೆಸರು ಹಿಡಿದು ಕರೆದರೆ ತಿರುಗಿ ನೋಡಳು, ಐದು ತುಂಬಿದರೂ ಬಾಯಲ್ಲಿ ನಾಲ್ಕು ಮಾತಿಲ್ಲ. ಹಳ್ಳಿಮೈಸೂರಿನ ಆ ಮನೆಯ ಯಜಮಾನಿ ಶಿವಗಂಗಮ್ಮ ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಸೊಸೆಯ ಮೇಲೆ ಹರಿಹಾಯ್ದಳು.

“ಇದು ನಮ್ ವಂಸದ ಗುಣ ಅಲ್ಲ ಕಣಮ್ಮಿ! ನಿಮ್ ಕೊಣನೂರಿನ ರಕ್ತ! ಈಗ ಇನ್ನೊಂದ ಒಟ್ಟೇಲಿ ಇಟ್ಕಂಡಿದ್ದೀಯ. ಅದೂ ಇಂಗೇ ಆದ್ರೆ ಏನ್ ಮಾಡಾನ? ಓಗು, ನಿಮ್ಮಪ್ಪನ ಮನೇಲೇ ಇರೋಗು!”

ಮೂರು ತಿಂಗಳ ಬಸುರಿ ಸ್ನೇಹಲತಾ ಮಗಳ ಕಾಲು ಒರೆಸಿದಳು. ಅವಳ ಗಂಡ ಕೀರ್ತಿರಾಜ್ ತಾಯಿಯನ್ನು ತಡೆದ. “ಒಂದ್ಸಲ ಹಾಸನದಲ್ಲಿ ಡಾಕ್ಟ್ರುಗೆ ತೋರ್ಸಾನ ಅವ್ವ. ಆಮೇಲೆ ನೀನು ಯೋಳ್ದಂಗೆ.”

ತಾನೂ ಬರುತ್ತೇನೆಂದು ಶಿವಗಂಗಮ್ಮ ಮೊದಲು ಬಸ್ಸು ಹತ್ತಿದ್ದು ಮೊಮ್ಮಗಳ ಮೇಲಿನ ಪ್ರೀತಿಗಷ್ಟೇ ಅಲ್ಲ. ದೋಷ ಸೊಸೆಯ ಕಡೆಯದು ಅಂತ ಡಾಕ್ಟರ ಬಾಯಿಂದಲೇ ಕೇಳಬೇಕಿತ್ತು ಅವಳಿಗೆ! ತನ್ನ ಕಡೆಯಿಂದ ಏನು ಕಮ್ಮಿಯಾಗಿದೆ? ಚೊಚ್ಚಲ ಬಾಣಂತನ ತವರಿನವರದು. ಆದರೆ ಸ್ನೇಹಲತಾ ತಾಯಿಯಿಲ್ಲದ ಹೆಣ್ಣು, ಆ ಬಾಣಂತನವನ್ನೂ ತಾನೇ ತಲೆಯ ಮೇಲೆ ಹೊತ್ತು ಮಾಡಿದ್ದಳು. ಊರಲ್ಲಿ ಯಾರು ಸಿಕ್ಕರೂ ಅದನ್ನು ಹೇಳದೆ ಬಿಟ್ಟವಳಲ್ಲ.

ಡಾಕ್ಟರಮ್ಮ ಮಗುವನ್ನು ಬಹಳ ಹೊತ್ತು ಆಡಿಸಿ ನೋಡಿದರು. ಹೆರಿಗೆ ಹೇಗಾಯಿತು, ಕಿವಿ ಕೇಳುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದೆಲ್ಲ ವಿಚಾರಿಸಿದರು. ಕೊನೆಗೆ, “ಮನೇಲಿ ಹೊಗೆ ಜಾಸ್ತಿನಾ? ನೀರು ಹೇಗೆ ಕಾಯಿಸ್ತೀರಿ?” ಎಂದರು.

ಶಿವಗಂಗಮ್ಮನ ಮುಖ ಅರಳಿತು. “ಅಂಡೆ ಒಲೆ ಕಣ್ರವ್ವ! ಬಾಣಂತೀಲಿ ದಿನಕ್ಕೆ ಮೂರ್ ಅಂಡೆ ನೀರು ಕಾಯಿಸಿ ಉಯ್ದಿವ್ನಿ. ಮಗೀನ ಕಾಲ್ಮೇಲೆ ಆಕ್ಕಂಡು, ಒಲೆ ಮುಂದೇನೇ, ಗಾಳಿ ಸೋಕ್ದಂಗೆ ಬಾಗ್ಲು ಆಕ್ಕಂಡು...”

“ಸೌದೆ ಹಾಕಿನಾ?”

“ಮಳೆಗಾಲ, ಸೌದೆ ಎಲ್ ಉರೀತದೆ? ಒಲದಲ್ಲಿ ಅಳೇ ಡ್ರಿಪ್ ಪೈಪು ರಾಶಿ ಬಿದ್ದಿತ್ತು. ಕುಯ್ದು ಕುಯ್ದು ಆಕ್ದೆ. ಗೊಬ್ಬರದ ಚೀಲ, ಅಂಗ್ಡಿ ಕವರು, ಯಾವ್ದೂ ಬಿಡ್ಲಿಲ್ಲ. ಧಗ್ ಅಂತ ಉರೀತದೆ! ಇವ್ಳು ಬಸ್ರೀಲೂ ಅದ್ನೇ ಊದ್ತಿದ್ಲು.”

ಡಾಕ್ಟರಮ್ಮನ ಪೆನ್ನು ನಿಂತಿತು. ಸ್ನೇಹಲತಾಳ ಕೈ ತನಗೇ ಗೊತ್ತಿಲ್ಲದಂತೆ ಹೊಟ್ಟೆಯ ಮೇಲೆ ಬಂದು ಕುಳಿತಿತು. ಅದೇ ದಿನ ಬೆಳಿಗ್ಗೆಯೂ ಪೈಪಿನ ಚೂರು ಹಾಕಿ ಒಲೆ ಹೊತ್ತಿಸಿದ್ದು ಅವಳೇ!

“ನೋಡಿ ಅಜ್ಜಿ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಪ್ಲಾಸ್ಟಿಕ್ ಸುಟ್ಟ ಹೊಗೇಲಿ ವಿಷ ಇರುತ್ತೆ. ಬಸುರಿ ಉಸಿರಾಡಿದರೆ ಅದು ಹೊಟ್ಟೇಲಿರೋ ಮಗೂಗೂ ತಲುಪಬಹುದು. ಆಗಿನ್ನೂ ಮೆದುಳು ಬೆಳೀತಿರುತ್ತೆ. ಮುಂದೆ ಮಾತು, ಗಮನ, ಸಿಟ್ಟು ಎಲ್ಲದಕ್ಕೂ ತೊಂದರೆ ಆಗಬಹುದು. ಈ ಮಗೂಗೆ ಅದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು. ಬೇರೆ ಕಾರಣಗಳೂ ಇರಬಹುದು. ಮಾತು ಕಲಿಸೋಕೆ ವಾರಕ್ಕೊಮ್ಮೆ ಕರ್ಕೊಂಡು ಬನ್ನಿ, ಸುಧಾರಿಸ್ತಾಳೆ. ಆದ್ರೆ ಆ ಹೊಗೆ ಮಾತ್ರ ಇವತ್ತೇ ನಿಲ್ಲಲಿ.”

“ಅಂಗಾರೆ... ಅಲ್ಲ ಅಂತಾನಾದ್ರೂ ಯೋಳಿ ಡಾಕ್ಟ್ರವ್ವ!”

“ಅದನ್ನೂ ಹೇಳೋಕಾಗಲ್ಲ ಅಜ್ಜಿ.”

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳೊಬ್ಬಳು, ಉಂಡವಳೊಬ್ಬಳು! ಹೌದು ಅಂದಿದ್ದರೆ ಎದೆ ಬಡಿದುಕೊಂಡು ಅತ್ತು ಹಗುರಾಗಬಹುದಿತ್ತು. ಅಲ್ಲ ಅಂದಿದ್ದರೆ ಮತ್ತೆ ಸೊಸೆಯ ಮೇಲೆ ಬಾಯಿ ಮಾಡಬಹುದಿತ್ತು. ಎರಡಕ್ಕೂ ದಾರಿಯಿಲ್ಲದೆ ಶಿವಗಂಗಮ್ಮ ಬಸ್ಸಿನಲ್ಲಿ ಮುದುಡಿ ಕುಳಿತಳು. ಸೊಸೆ ಬಯ್ಯಲಿ ಎಂದು ಊರು ಬರುವ ತನಕ ಕಾದಳು. ಸೊಸೆ ಮಗಳನ್ನು ಮಡಿಲಲ್ಲಿ ಹಿಡಿದು ಕಿಟಕಿಯ ಹೊರಗೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಸ್ನೇಹಲತಾ ಬ್ಯಾಗು ಹಿಡಿದು ಜಗಲಿಗೆ ಬಂದಳು. ಕೀರ್ತಿರಾಜ್ ತಲೆ ತಗ್ಗಿಸಿ ಮಗಳನ್ನು ಎತ್ತಿಕೊಂಡಿದ್ದ. ರಾತ್ರಿಯೇ ಗಂಡ ಹೆಂಡಿರು ಮಾತಾಡಿಕೊಂಡಿದ್ದರು.

“ಕೊಣನೂರಿಗೆ ಓಯ್ತಿದ್ದೀನಿ ಅತ್ತೆ. ಈ ಬಾಣಂತನ ನಮ್ ದೊಡ್ಡಮ್ಮ ಮಾಡ್ತಾರೆ. ಮಗೀನ ಹಾಸನಕ್ಕೆ ಅಲ್ಲಿಂದ್ಲೇ ಕರ್ಕೊಂಡೋಯ್ತೀನಿ.”

“ಬ್ಯಾಡ ಕಣವ್ವ... ಕ್ವಾಪದಲ್ಲಿ ಅಂದಿದ್ದು! ಇನ್ ಮೇಲೆ ಒಂದ್ ಕವರೂ ಒಲೆಗೆ ಆಕಲ್ಲ. ನಿನ್ ಕಾಲ್ ಕಟ್ಕತೀನಿ...”

“ಹೊಗೆಗೆ ಎದೆ ಉರೀತದೆ ಅತ್ತೆ, ಮಗು ಕೆಮ್ಮುತ್ತೆ ಅಂತ ಮೊದಲ್ನೇ ಬಾಣಂತೀಲೇ ಅಂದಿದ್ದೆ.” ಸ್ನೇಹಲತಾಳ ದನಿ ಏರಲಿಲ್ಲ. “ಅದಕ್ಕೆ ನೀವು, ‘ನಿಮ್ ಕೊಣನೂರೋರಿಗೆ ಒಗೆನೂ ಆಗಲ್ವಾ’ ಅಂದ್ರಿ. ನೀವು ಪ್ರೀತಿಯಿಂದ್ಲೇ ಮಾಡಿದ್ರಿ ಅತ್ತೆ, ನಂಗೊತ್ತು. ಅದಕ್ಕೇ ಭಯ. ಸಿಟ್ಟಲ್ಲಿ ಮಾಡಿದ್ರೆ ತಡೀಬೋದು... ಪ್ರೀತೀಲಿ ಮಾಡಿದ್ದನ್ನ ನಾನು ಎಂಗೆ ತಡೀಲಿ?”

ಶೋಭಿತಾ ಅಪ್ಪನ ತೋಳಿಂದ ಜಾರಿ ಓಡಿದಳು. ನೇರ ಬಚ್ಚಲುಮನೆಗೆ! ಬೀದಿಗೆಲ್ಲ ಕಂಟಕವಾದ ಆ ಮಗು, ಅಜ್ಜಿ ನೀರು ಹುಯ್ಯುವಾಗ ಮಾತ್ರ ತಣ್ಣಗೆ ಕೂರುತ್ತಿತ್ತು. ಈಗಲೂ ಒಲೆಯ ಮುಂದೆ ಕಾಲು ಚಾಚಿ ಕುಳಿತು ಕಾಯತೊಡಗಿತು. ಹಿಂದೆಯೇ ಬಂದ ಶಿವಗಂಗಮ್ಮನ ಕೈ ಅಭ್ಯಾಸದಂತೆ ಚೊಂಬಿಗೆ ಹೋಗಿ ನಡುದಾರಿಯಲ್ಲಿ ನಿಂತಿತು. ಅಷ್ಟರಲ್ಲಿ ಸ್ನೇಹಲತಾ ಬಂದು, ಕೊಸರಾಡಿ ಕಿರುಚುವ ಮಗಳನ್ನು ಎತ್ತಿಕೊಂಡು ಹೋದಳು. ಬಸ್‌ಸ್ಟ್ಯಾಂಡಿನ ತನಕವೂ ಆ ಕಿರುಚಾಟ ಕೇಳಿಸುತ್ತಿತ್ತು.

ಪಕ್ಕದ ಮನೆಯ ಜಯಲಕ್ಷ್ಮಮ್ಮ ಬಾಗಿಲಿಗೆ ಬಂದಳು. “ಅಂತೂ ಓಡಿಸ್ಬುಟ್ಟಾ ಸೊಸೇನ? ಡಾಕ್ಟ್ರೇನಂದ್ರಕ್ಕ, ಕೊಣನೂರಿಂದೇ ದೋಸ ಅಂದ್ರಾ?”

ಹ್ಞೂಂ ಅಂದಿದ್ದರೆ ಸಾಕಿತ್ತು. ಬೀದಿ ನಂಬಲು ಸಿದ್ಧವಾಗಿಯೇ ಇತ್ತು. ಶಿವಗಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಾನು ಓಡಿಸ್ಲಿಲ್ಲ ಕಣೆ ಜಯಮ್ಮಿ. ಅವ್ಳು ಮಕ್ಕಳ್ನ ನನ್ನಿಂದ ಉಳಿಸ್ಕಂಡ್ ಓದ್ಲು.”