ಕೆರೆಯ ಬಾಗಿಲಿನ ಮೂರು ಉದ್ದ ಪದಗಳು

ಬಹಳ ಹಿಂದೆ ಅನ್ನುವ ಕಾಲಕ್ಕೂ ಹಿಂದೆ, ಗಿಳಿಗಾವಲು ಎಂಬ ರಾಜ್ಯವಿತ್ತು. ಅಲ್ಲಿಯ ಕೆರೆಗೆ ಧೂಮಾಕ್ಷನೆಂಬ ಮಾಂತ್ರಿಕ ಬಾಗಿಲು ಹಾಕಿಸಿದ್ದ. ನೀರು ಬೇಕಾದವರು ಕಡಲಾಚೆಯ ಇಂಗ್ಲಿಷಿನ ಮೂರು ಉದ್ದ ಪದಗಳನ್ನು ತಡವರಿಸದೆ ಹೇಳಬೇಕು. ಬಾಗಿಲಲ್ಲಿ ಯಾರೇ ತಡವರಿಸಲಿ, ಅವರ ದನಿ ಹಾರಿಹೋಗುತ್ತಿತ್ತು. ಧೂಮಾಕ್ಷ ಅದನ್ನು ತಾಮ್ರದ ಭರಣಿಯಲ್ಲಿ ಹಿಡಿದು ಮಂತ್ರದಿಂದ ಮುಚ್ಚಿಡುತ್ತಿದ್ದ. ಕೆರೆ ಕಟ್ಟಿದವರು ಊರಿನವರು, ಹೂಳೆತ್ತಿದವರು ಊರಿನವರು. ನೀರಿಗೆ ಮಾತ್ರ ಕಡಲಾಚೆಯ ಮಾತು ಬೇಕಂತೆ! ಈ ಅನ್ಯಾಯಕ್ಕೆ ರಾಜನೂ ತಲೆಯಾಡಿಸಿದ, ಏಕೆಂದರೆ ಅವನಿಗೆ ನೀರು ಅರಮನೆಯೊಳಗೇ ಬರುತ್ತಿತ್ತು.

ಮದ್ದಳೆಯ ಗುರು ಮಲ್ಲೇಶಯ್ಯ ಒಂದು ಕೊಡ ನೀರಿಗೆ ಹೋಗಿ ಮೂಕನಾಗಿ ಬಂದ. ಬಾಯಲ್ಲಿ ತಕಧಿಮಿಯೆಂದು ಸೊಲ್ಲು ಹೇಳಿಕೊಡದೆ ಮದ್ದಳೆ ಕಲಿಸುವುದು ಹೇಗೆ? ಶಿಷ್ಯರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಮಗಳು ಹೊನ್ನಾಂಬೆಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪಾ, ನಿನ್ನ ದನಿ ತಕ್ಕೊಂಡೇ ಬರ್ತೀನಿ," ಎಂದು ಕೊಡ ಎತ್ತಿಕೊಂಡು ನಡೆದಳು.

ಮೊದಲ ಪದ ಮೊಸಳೆಯಾಗಿ ಅಡ್ಡ ಮಲಗಿತ್ತು: ಇರ್ರೆಸ್ಪಾನ್ಸಿಬಿಲಿಟಿ. ಎಷ್ಟೇ ಉದ್ದದ ಸೊಲ್ಲನ್ನೂ ಮೊದಲು ತಾಳ ತಟ್ಟಿ ತುಂಡುತುಂಡಾಗಿ ಹೇಳುವುದು ಅವರ ಮನೆಯ ಪಾಠ. ಹೊನ್ನಾಂಬೆ ತೊಡೆ ತಟ್ಟುತ್ತ, "ಇರ್, ರೆಸ್, ಪಾನ್, ಸಿ, ಬಿ, ಲಿ, ಟಿ" ಎಂದಳು. ಆಮೇಲೆ ಒಂದೇ ಉಸಿರಿಗೆ ಪೋಣಿಸಿದಳು. ಮೊಸಳೆ ಕೆರೆಗಿಳಿಯಿತು.

ಎರಡನೆಯದು ಹುಲಿ: ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಬಾಗಿಲು ಒಬ್ಬೊಬ್ಬರಿಗೆ ಒಂದೊಂದು ಪದ ಒಡ್ಡುವುದನ್ನು ಸರದಿಯಲ್ಲಿ ನಿಂತು ಕೇಳಿ ಕೇಳಿ ಅವಳು ಕಂಡುಕೊಂಡಿದ್ದಳು, ಹತ್ತಾರು ಪದಗಳಿಗೆ ಅದೇ ತಲೆ, ಅದೇ ಬಾಲ. "ಮಿಸ್ ಅನ್ನೋದು ಮುಂದೆ ಕಟ್ಟಿದ ಮುಖವಾಡ, ಇಂಗ್ ಅನ್ನೋದು ಹಿಂದೆ ಸಿಕ್ಕಿಸಿದ ಬಾಲ. ಒಳಗಿರೋದು ಅಂಡರ್‌ಸ್ಟ್ಯಾಂಡ್, ಅಷ್ಟೇ," ಎಂದು ಪದವನ್ನು ಹೇಳಿ ಮುಗಿಸಿದಳು. ಹುಲಿ ಬೆಕ್ಕಾಗಿ ಓಡಿತು.

ಮೂರನೆಯದು ಹೆಬ್ಬಾವು: ಇಂಟರ್‌ನ್ಯಾಷನಲೈಸೇಷನ್. ಇಂಟರ್ ತಲೆ, ನ್ಯಾಷನ್ ಒಡಲು, ಉಳಿದದ್ದು ಬಾಲಕ್ಕೆ ಬಾಲ. ಅದನ್ನೂ ತಟ್ಟಿ, ಬಿಡಿಸಿ, ಹೇಳಿದಳು. ಬಾಗಿಲು ತೆರೆಯಿತು.

ಧೂಮಾಕ್ಷ ಹಲ್ಲು ಕಡಿದ. "ನೀರು ತುಂಬಿಕೊಂಡು ತೊಲಗು."

"ತಡೀರಿ ಸ್ವಾಮಿ. ನಮ್ಮ ಮದ್ದಳೆಯವರಲ್ಲಿ ಮೂರು ಸವಾಲು ಗೆದ್ದವರು ಒಂದು ಸವಾಲು ಹಾಕಬೇಕು. ಅಪ್ಪ ಚಿಕ್ಕ ಮಕ್ಕಳಿಗೆ ಕಲಿಸೋ ಸೊಲ್ಲು ಇದು: ತದ್ದಿತೊಂನಂ, ತಕತದ್ದಿತೊಂನಂ, ತಕಧಿಮಿತದ್ದಿತೊಂನಂ. ಹೇಳಿ ನೋಡೋಣ."

"ಇದೂ ಒಂದು ಮಾತೇ?" ಎಂದು ಮೂಗು ಮುರಿದು ಶುರುಮಾಡಿದವನು ನಡುವೆಯೇ ಎಡವಿದ. ಬಾಗಿಲೂ ಅವನದೇ, ಶಾಪವೂ ಅವನದೇ. ಅವನ ದನಿ ಹಾರಿಹೋಯಿತು. ಮಂತ್ರ ಹೇಳುವ ದನಿಯೇ ಹೋದಮೇಲೆ ಭರಣಿಯ ಮುಚ್ಚಳ ನಿಲ್ಲುವುದುಂಟೇ? ಊರಿನವರ ದನಿಗಳೆಲ್ಲ ಮನೆಮನೆಗೆ ಮರಳಿದವು.

ರಾಜ ಓಡೋಡಿ ಬಂದ. "ಮಗಳೇ, ಇನ್ನು ಈ ಬಾಗಿಲಿಗೆ ನೀನೇ ಒಡತಿ. ನಿನಗಿಷ್ಟವಾದ ಪದ ಇಡು."

"ಪದ ಕಲೀಬಾರದು ಅಂದೋರು ಯಾರು ಪ್ರಭು? ಬೇಕಾದವರಿಗೆ ಇಂಗ್ಲಿಷನ್ನೂ ನಾನೇ ತಾಳ ತಟ್ಟಿ ಕಲಿಸ್ತೀನಿ. ಆದರೆ ಬಾಯಾರಿ ಬಂದವರ ಹತ್ತಿರ ಪರೀಕ್ಷೆ ಕೇಳೋಕೆ ನಿಮಗೆ ನಾಚಿಕೆಯಾಗಬೇಕು," ಎಂದಳು ಹೊನ್ನಾಂಬೆ.

ರಾಜ ತಲೆ ತಗ್ಗಿಸಿ ತಾನೇ ಕೊಡಲಿ ತರಿಸಿದ. ಬಾಗಿಲು ಸೌದೆಯಾಯಿತು, ಆ ಸೌದೆಯಲ್ಲಿ ಊರಿಗೆಲ್ಲ ಅಡುಗೆಯಾಯಿತು. ಪಂಕ್ತಿಯಲ್ಲಿ ಮಲ್ಲೇಶಯ್ಯ ಎಲ್ಲರಿಗಿಂತ ಗಟ್ಟಿಯಾಗಿ ಇನ್ನೊಂದು ಲೋಟ ನೀರು ಕೇಳಿದ, ಕೂಡಲೇ ತಂದುಕೊಟ್ಟರು. ಅವರೆಲ್ಲ ಸುಖವಾಗಿ ಬಾಳಿದರು; ಹೇಳಿದ ನಮ್ಮ ನಾಲಿಗೆಯೂ ಕೇಳಿದ ನಿಮ್ಮ ಹೊಟ್ಟೆಯೂ ತಣ್ಣಗಿರಲಿ.