ಗಾಡಿಯ ಹೊಟ್ಟೆಯೊಳಗಿನ ಗಿಳಿ

ಏಳು ಸಮುದ್ರದಾಚೆ ಒಬ್ಬ ರಾಕ್ಷಸನಿದ್ದನಂತೆ. ಅವನ ಪ್ರಾಣ ಅವನ ಮೈಯಲ್ಲಿರದೆ ಒಂದು ಗಿಳಿಯ ಎದೆಯೊಳಗೆ ಅಡಗಿತ್ತಂತೆ. ಅಂಥ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಎಂಬತ್ತೆರಡನೇ ಇಸವಿಯಲ್ಲಿ, ಹಾನಗಲ್ಲಿನ ಗಾಡಿ ರಿಪೇರಿಯ ಅಜ್ಜಪ್ಪನ ಅಂಗಳದಲ್ಲಿ, ಅದೇ ಕುಲದ್ದೊಂದು ಮೂರು ವರ್ಷದಿಂದ ಪ್ರಾಣವಿಲ್ಲದೆ ನಿಂತಿತ್ತು. ಅದಕ್ಕೆ ನಾಲ್ಕು ಚಕ್ರ, ಎರಡು ಕಣ್ಣು, ಹಿಂದೆ ಬಯಲಿನಂಥ ಬೆನ್ನು. ಓಣಿಯವರು ಅದನ್ನು ಪಿಕಪ್ಪು ಎನ್ನುತ್ತಿದ್ದರು.

ಬರಗಾಲದ ವರ್ಷ ಕೊಳವೆಬಾವಿ ಕೊರೆಯಲು ಬಂದಿದ್ದ ಪರದೇಶದವರು ಬಿಟ್ಟುಹೋದ ಎರಡು ಗಾಡಿಗಳು ಹುಬ್ಬಳ್ಳಿಯಲ್ಲಿ ಲಿಲಾವಿಗೆ ಬಂದಿದ್ದವು. ಒಂದನ್ನು ಅಜ್ಜಪ್ಪ ಹಿಡಿದ. ಇನ್ನೊಂದು ಸವಣೂರಿನಿಂದ ವೀಳ್ಯದೆಲೆ ಸಾಗಿಸುವ ಹಯಾತನ ಪಾಲಾಯಿತು. ಒಂದೇ ಬಸಿರಿನ ಅವಳಿಗಳು. ಎರಡಕ್ಕೂ ಕ್ಲಚ್ ಇಲ್ಲ. ಆ ಜಾಗದಲ್ಲಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದಂಥ ಉಕ್ಕಿನ ಗುಂಡು, ಒಳಗೆಲ್ಲ ಎಣ್ಣೆ. ಇಂಜಿನ್ನಿನ ಬಲ ಆ ಎಣ್ಣೆಯನ್ನು ಸುತ್ತಿಸಿಯೇ ಚಕ್ರಕ್ಕೆ ಹೋಗಬೇಕು. ಹೆಸರು ಟಾರ್ಕ್ ಕನ್ವರ್ಟರ್. ಅದೇ ಗಿಳಿ. ಅಜ್ಜಪ್ಪನ ಗಾಡಿಯ ಗಿಳಿ ಸೊರಗಿತ್ತು. ತಣ್ಣಗಿದ್ದಾಗ ನೆಟ್ಟಗೇ ಹೋಗುತ್ತಿತ್ತು. ಬಿಸಿಯಾದರೆ ಇಂಜಿನ್ನು ಎಷ್ಟು ಬೊಬ್ಬೆ ಹೊಡೆದರೂ ಗಾಡಿ ಕದಲುತ್ತಿರಲಿಲ್ಲ. ಹೊಸದು ಹುಬ್ಬಳ್ಳಿಯಲ್ಲಿ ಸಿಗದು, ಮುಂಬಯಿಯಲ್ಲೂ ಸಿಗದು. ಏಳು ಸಮುದ್ರ ದಾಟಿಯೇ ತರಬೇಕು.

ಸೊರಗಿದ ಗಿಳಿಯನ್ನು ಬಿಚ್ಚಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದ ಅಜ್ಜಪ್ಪ. ಹೆಂಡತಿ ಸರೋಜವ್ವ ಕೇಳಿದಾಗಲೆಲ್ಲ “ಬರೂ ವಾರ ಹಾಕ್ತೇನಿ” ಎನ್ನುತ್ತಿದ್ದ. ಮೂರು ವರ್ಷ ತುಂಬ ಬರುವ ವಾರಗಳೇ ಬಂದವು.

ಒಂದು ಬೆಳಿಗ್ಗೆ ಸರೋಜವ್ವ ಪಿಕಪ್ಪಿನ ಮುಂದಿನ ಸೀಟಿನಿಂದ ಐದು ಕೋಳಿ ತತ್ತಿ ತಂದು ಅವನೆದುರು ಇಟ್ಟಳು.

“ತಗೋರಿ, ನಿಮ್ಮ ಗಾಡಿ ದುಡದದ್ದು.”

“ಏ, ಬರೂ ವಾರ...”

“ಮುಮ್ತಾಜಬೇಗಂ ಮುಂದಿನ ಸೀಟಿನ್ಯಾಗ ಕುಂತು ಗಂಡ ಹಯಾತನ ಜೋಡಿ ಹುಬ್ಬಳ್ಳಿ ಪ್ಯಾಟಿಗೆ ಹೋಗ್ತಾಳ. ನಮ್ಮ ಸೀಟಿನ್ಯಾಗ ಕೋಳಿ ಕಾವಿಗೆ ಕುಂದರ್ತಾವ. ಕೇಳ್ರಿಲ್ಲೆ. ತಂಗಿ ಮದುವಿಗೆ ಗೊಟಗೋಡ್ಯಾಗ ನಾ ಇದ ಗಾಡಿಯಿಂದ ಇಳೀಬೇಕು. ಇಲ್ಲಂದ್ರ ಮರುದಿನ ಗುಜರಿಯವನ್ನ ನಾನ ಕರಸ್ತೇನಿ.”

ಮದುವೆಗೆ ಇಪ್ಪತ್ತು ದಿನ. ಸರೋಜವ್ವ ‘ಬರೂ ವಾರ’ ಎನ್ನುವ ಜಾತಿಯವಳಲ್ಲ. ಗುಜರಿಯವನ ಸುತ್ತಿಗೆ ಗಾಡಿಯ ನೆತ್ತಿಗೆ ಬೀಳುವ ಸದ್ದು ಅಜ್ಜಪ್ಪನಿಗೆ ಆಗಲೇ ಕೇಳಿಸಿತು. ಅದೇ ಗಳಿಗೆಯಲ್ಲಿ ಓಣಿಯ ತುದಿಯಲ್ಲಿ ಹಯಾತನ ಪಿಕಪ್ಪು ಪೋಂಕ್ ಎಂದು ಹಾರ್ನ್ ಹಾಕಿ ಸಂತೆಯ ಕಡೆಗೆ ಸಾಗಿತು. ತಾನು ಇಲ್ಲಿ ತತ್ತಿಯ ಮುಂದೆ ತಲೆ ತಗ್ಗಿಸಿ ಕುಂತಾಗಲೇ ಅವನು ಹಾರ್ನ್ ಹಾಕಬೇಕೆ! ಅಜ್ಜಪ್ಪನ ಎದೆಯಲ್ಲಿ ಏನೋ ಕಚ್ಚಿದಂತಾಯಿತು. ಕಚ್ಚಿದ ಜಾಗದಿಂದಲೇ ಯೋಚನೆ ಹುಟ್ಟಿತು.

ಕಳ್ಳರು ಸಿಕ್ಕಿಬೀಳುವುದು ಯಾಕೆ? ಕದ್ದ ವಸ್ತುವಿನ ಜಾಗ ಖಾಲಿ ಉಳಿಯುವುದರಿಂದ. ಖಾಲಿಯೇ ಇರದಿದ್ದರೆ ಕೂಗುವವರು ಯಾರು? ಹಯಾತನ ಗಿಳಿ ತನ್ನ ಗಾಡಿಗೆ, ತನ್ನ ಗಿಳಿ ಹಯಾತನ ಗಾಡಿಗೆ. ಹೊರಗಿನಿಂದ ಒಂದು ಬೋಲ್ಟೂ ಬದಲಾಗದು. ದಪ್ಪ ಎಣ್ಣೆ ತುಂಬಿದರೆ ಸೊರಗಿದ ಕನ್ವರ್ಟರೂ ಒಂದೆರಡು ವಾರ ಎಳೆಯುತ್ತದೆ. ಆಮೇಲೆ ಜಾರಲು ಹತ್ತಿದರೆ, ಪಾಪ, ಮುಪ್ಪು. ಮುಪ್ಪಿನ ಮೇಲೆ ಪೊಲೀಸರಿಗೆ ಫಿರ್ಯಾದು ಕೊಟ್ಟವರನ್ನು ಅಜ್ಜಪ್ಪ ಕಂಡಿರಲಿಲ್ಲ.

ಮುಂದಿನ ಸಂತೆಯ ದಿನ ಹಯಾತ ಚಹಾದಂಗಡಿಗೆ ಹೋದಾಗ ಅಜ್ಜಪ್ಪ ಬಿದ್ದ ನಾಣ್ಯ ಹುಡುಕುವವನಂತೆ ಅವನ ಗಾಡಿಯ ಕೆಳಗೆ ಬಗ್ಗಿದ. ಗೇರ್‌ಬಾಕ್ಸಿನ ತಳದ ಎರಡು ಬೋಲ್ಟುಗಳನ್ನು ಒಂದೂವರೆ ಸುತ್ತು ಸಡಿಲಿಸಿದ. ಎರಡು ಸುತ್ತಾದರೆ ಎಣ್ಣೆ ಸುರಿಯುತ್ತದೆ, ಒಂದಾದರೆ ಜಿನುಗುವುದೂ ಇಲ್ಲ. ಒಂದೂವರೆಯೇ ಹದ. ಕೈ ಒರೆಸಿಕೊಂಡು ಮನೆಗೆ ಬಂದು ಕಾದ. ಅರ್ಧ ತಾಸಿಗೆ ಹಯಾತ ಗಾಬರಿಯಿಂದ ಬಂದ.

“ಅಜ್ಜಪ್ಪಣ್ಣಾ, ನನ್ನ ಗಾಡಿ ಕುಂಕುಮದ ನೀರು ಕಾರಾಕತ್ತೇತಿ ನೋಡ್ ಬರ್ರಿ!”

ಅಜ್ಜಪ್ಪ ಹೋಗಿ ನೋಡಿದ. ಕೆಂಪೆಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ, ನಾಡಿ ಹಿಡಿದ ವೈದ್ಯನಂತೆ ಮುಖ ಸಣ್ಣದು ಮಾಡಿದ. “ಸೀಲ್ ಹೋಗೇತೋ ತಮ್ಮಾ. ಗೇರ್‌ಬಾಕ್ಸ್ ಇಳಸಬೇಕು. ನಮ್ಮ ಅಂಗಳದಾಗ ಎರಡು ದಿನ ಬಿಟ್ಟು ಹೋಗು.”

“ಬಿಟ್ಟ ಹೋಗ್ತೇನ್ರಿ. ನಿಮ್ಮ ಕೈ ಬಿಟ್ರ ಇದರ ಗುಟ್ಟು ಈ ಸೀಮ್ಯಾಗ ಯಾರಿಗೆ ಗೊತ್ತೈತಿ?” ಎಂದ ಹಯಾತ, ಸರೋಜಕ್ಕನಿಗೆ ಕೊಡಿರೆಂದು ಎಳೆ ಎಲೆಯ ಕಟ್ಟೊಂದನ್ನು ಅವನ ಕೈಗಿಟ್ಟು ಬಸ್ಸು ಹತ್ತಿದ.

ಸಾಕ್ಷಿ ಉಳಿಯಬಾರದಲ್ಲ. ಸರೋಜವ್ವನನ್ನು ಅಜ್ಜಪ್ಪ ಆಡೂರಿನ ಚಿಗವ್ವ ಭರಮವ್ವನ ಮನೆಗೆ ಮದುವೆಯ ಕರೆ ಹೇಳಲು ಕಳಿಸಿದ. ಅಂಗಳದ ಬಾಗಿಲಿಗೆ ಅಗಳಿ ಹಾಕಿದ. ಗಾಡಿಯನ್ನು ಎತ್ತಿ ನಾಲ್ಕು ಕಲ್ಲಿನ ಮೇಲೆ ಕೂಡಿಸಿದ. ಬೇವಿನ ಟೊಂಗೆಗೆ ಸರಪಳಿ ಕಟ್ಟಿ, ಗೇರ್‌ಬಾಕ್ಸನ್ನು ತೊಟ್ಟಿಲು ಇಳಿಸುವಷ್ಟು ಮೆಲ್ಲಗೆ ಇಳಿಸಿದ. ಹಯಾತನ ಕನ್ವರ್ಟರು ಹೊರಬಂತು. ಅದನ್ನು ಬಿಸಿಲಿಗೆ ಹಿಡಿದು, ಸುತ್ತ, ಮೇಲೆ, ಕೆಳಗೆ, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಗುರುತು ಹುಡುಕಿದ. ನಂಬರಿಲ್ಲ, ಅಕ್ಷರವಿಲ್ಲ. ಅಂಚಿನಲ್ಲಿ ಹಸಿರು ಬಣ್ಣದ ಒಂದು ಬೊಟ್ಟು ಮಾತ್ರ ಇತ್ತು. ಅಷ್ಟೇ ಅಗಲದ ಹಸಿರು ಬೊಟ್ಟನ್ನು ತನ್ನದಕ್ಕೂ ಇಟ್ಟ. ಹಯಾತನದು ಕಪ್ಪಗಿತ್ತು, ತನ್ನದಕ್ಕೆ ಕೊಟ್ಟಿಗೆಯ ತುಕ್ಕು ಹಿಡಿದಿತ್ತು. ಗ್ರೀಸಿಗೆ ಒಲೆಯ ಮಸಿ ಕಲೆಸಿ ತುಕ್ಕಿನ ಮೇಲೆ ಅಂಗೈಯಿಂದ ದಪ್ಪಗೆ ಬಳಿದ. ತನ್ನದರಲ್ಲಿ ಗುರುತು ಹುಡುಕುವುದೇನಿತ್ತು? ಮೂರು ವರ್ಷ ತನ್ನ ಮನೆಯಲ್ಲೇ ಬಿದ್ದದ್ದು.

ಕನ್ವರ್ಟರನ್ನು ಕೂಡಿಸುವುದೇ ಕಷ್ಟದ ಕೆಲಸ. ತಿರುಗಿಸುತ್ತ ಒತ್ತಬೇಕು, ಟಕ್ ಎಂದು ಒಂದು ಸಲ, ಮತ್ತೊಂದು ಸಲ, ಮತ್ತೊಂದು. ಮೂರು ಕೋಣೆಗಳ ಮೂರು ಬಾಗಿಲು. ಮೂರನೆಯದು ತೆರೆಯದೆ ಬೋಲ್ಟು ಬಿಗಿದರೆ ಎಲ್ಲ ಪುಡಿಪುಡಿ. ಅಜ್ಜಪ್ಪ ಕಿವಿಗೊಟ್ಟು ಮೂರೂ ಸದ್ದನ್ನು ಎಣಿಸಿದ. ದಪ್ಪ ಎಣ್ಣೆ ತುಂಬಿದ; ಎರಡನೇ ದಿನ ಸಂಜೆಗೆ ಹಯಾತನ ಗಾಡಿ ಸಿದ್ಧ. “ಸೀಲ್ ಹೊಸಾದು, ಸಾವಕಾಶ ಹೊಡಿ” ಎಂದು ಬುದ್ಧಿ ಹೇಳಿ ಕಳಿಸಿದ. ಆಮೇಲೆ ತನ್ನ ಗಾಡಿಯ ಕೆಳಗೆ ನುಸುಳಿದ. ಅಲ್ಲೂ ಟಕ್, ಟಕ್, ಟಕ್.

ಆಡೂರಿನಿಂದ ಬಂದ ಸರೋಜವ್ವನ ಎದುರಿಗೇ ಪಿಕಪ್ಪು ಕೋಳಿಗಳನ್ನು ಚದುರಿಸುತ್ತ ಹೊರಬಂತು.

“ಅಯ್ಯ ಶಿವನ! ಹೊಸಾದು ತರಿಸಿದ್ರೇನು?”

“ಹೊಸಾದ್ಯಾಕ? ಅದನ್ನ ಬಿಚ್ಚಿ, ಬ್ಯಾನಿ ತಗದು, ಮತ್ತ ಅದನ್ನ ಹಾಕೀನಿ,” ಎಂದ ಅಜ್ಜಪ್ಪ. ಹೆಂಡತಿಯ ಕಣ್ಣಲ್ಲಿ ಮೂರು ವರ್ಷದಲ್ಲಿ ಮೊದಲ ಸಲ ತಾನು ಎತ್ತರವಾಗಿ ಕಂಡದ್ದನ್ನು ನೋಡಿ ಸುಳ್ಳಿಗೂ ಒಂದು ಸವಿ ಇದೆ ಅನ್ನಿಸಿತು.

ಮದುವೆಯ ದಿನ ಬೆಳಿಗ್ಗೆ ಹೊರಟರು. ಹಿಂದೆ ಮದುವೆಯ ಉಡುಗೊರೆಗೆಂದು ಒಯ್ಯುವ ಆಯೇರಿಯ ಬಾಂಡೆ, ಕೊಡಗಳು ಗಲಗಲ ಎನ್ನುತ್ತಿದ್ದವು. ಮುಂದಿನ ಸೀಟಿನಲ್ಲಿ ಸರೋಜವ್ವ, ಕಿಟಕಿಯಿಂದ ಮೊಣಕೈ ಹೊರಗಿಟ್ಟು. ಶಿಗ್ಗಾವಿಯಲ್ಲಿ, ಶಿದ್ಲಿಂಗಪ್ಪನ ಗ್ಯಾರೇಜಿನ ಮುಂದೆ, ಕಲ್ಲಿನ ಮೇಲೆ ಕುಳಿತಿದ್ದ ಅವಳಿ ಗಾಡಿ ಕಂಡಿತು. ಹಯಾತ ಓಡಿಬಂದು ಕೈ ಅಡ್ಡ ಮಾಡಿದ.

“ಜಾರಾಕತ್ತೇತ್ರಿ ಅಣ್ಣಾ, ಇಲ್ಲಿಂದ ಮುಂದ ಕದಲವಲ್ದು. ವಯಸ್ಸಾತು ಕಾಣತೈತಿ. ಗುಂಡು ಹೊರಗ ತಗದೇವಿ. ಸೀಮೆಎಣ್ಣಿ ಹಾಕಿ ತೊಳದು, ಮೈಮ್ಯಾಲೆ ನಂಬರ್ ಏನರ ಇದ್ರ ಓದಿ ಮುಂಬಯಿಗೆ ಪತ್ರ ಬರಿಯೂಣು ಅಂತಾನ ಶಿದ್ಲಿಂಗಪ್ಪ.”

ಅಜ್ಜಪ್ಪನ ಹೊಟ್ಟೆಯಲ್ಲಿ ನಗೆ ಉಕ್ಕಿತು. ನಂಬರು! ಹುಡುಕಲಿ ಪಾಪ. “ತೊಳೀರಿ, ತೊಳೀರಿ,” ಎಂದ. “ಛಲೋತಂಗ ತಿಕ್ಕಿ ತೊಳೀರಿ. ಒಂದು ಇಂಚೂ ಬಿಡಬ್ಯಾಡ್ರಿ.”

“ಸಂಜೀಕ ಊಟಕ್ಕ ಬರಬೇಕು ನೋಡು ಹಯಾತಣ್ಣ, ಶಿದ್ಲಿಂಗಪ್ಪನ್ನೂ ಕರಕೊಂಡು ಬಾ,” ಎಂದಳು ಸರೋಜವ್ವ.

“ತಪ್ಪಸಂಗಿಲ್ಲಕ್ಕ, ಇಷ್ಟು ಓದಿ ಮುಗಿಸಿ ಬಂದ ಬಿಡ್ತೇವಿ.”

ಗೊಟಗೋಡಿಯ ತವರುಮನೆಯ ಮುಂದೆ ಗಾಡಿ ನಿಂತಿತು. ಎಲ್ಲರೂ ಹೊರಗೆ ಬರುವ ತನಕ ಸರೋಜವ್ವ ಬಾಗಿಲು ತೆಗೆಯಲಿಲ್ಲ; ಬಂದ ಮೇಲೆ ರಾಣಿಯಂತೆ ಇಳಿದಳು. ಮೂರು ವರ್ಷದ ‘ಬರೂ ವಾರ’ ಕಡೆಗೂ ಬಂದಿತ್ತು. ತಮ್ಮ ಉಳವಪ್ಪ ಬಾಂಡೆ ಇಳಿಸುತ್ತ, ಕೊಡವೊಂದರ ತಳವನ್ನು ಮೇಲೆ ಮಾಡಿ, “ಸೌ. ಸರೋಜವ್ವ ಅಜ್ಜಪ್ಪ, ಹಾನಗಲ್” ಎಂದು ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಓದಿದ. “ಬಾಂಡೆಕ್ಕ ಹೆಸರು ಹಾಕಾವ ಓಣಿಗೆ ಬಂದಿದ್ದ, ಮನ್ಯಾಗಿನ ಒಂದೂ ಬಿಡಲಿಲ್ಲ ನೋಡು,” ಎಂದು ತಮ್ಮನಿಗೆ ಹೇಳಿದ ಸರೋಜವ್ವ, ಗಂಡನ ಕಡೆ ತಿರುಗಿ, ಹೊಸ ಮದುವಣಗಿತ್ತಿಯಂತೆ ನಾಚಿ, ದನಿ ತಗ್ಗಿಸಿದಳು: “ನಿಮಗ ಹೇಳಿರಲಿಲ್ರಿ. ಕೊಟ್ಟಿಗ್ಯಾಗ ಗೋಣಿತಾಟಿನ ಕೆಳಗ ಬಿದ್ದಿತ್ತಲ್ಲ, ನಿಮ್ಮ ಆ ಗುಂಡು, ಅದರ ತಳಕ್ಕೂ ಹಾಕಿಸೀನಿ, ಊರಿನ ಹೆಸರು ಸುದ್ದಾ. ಯಾರರ ಕದ್ದಾರು ಅಂತ.”